ದನಿ ನಿಂತರ ಜರಾ ತಡೀ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ಹಳೆಯ ಆಸ್ಪತ್ರೆಯ ಸಿಬ್ಬಂದಿಯ ವಾಟ್ಸಾಪ್ ಗುಂಪಿನಿಂದ. ಯಾರೋ ಅವರ ಹೆಸರು ಬರೆದು, ಊರಿನಲ್ಲಿ ತಮ್ಮನ ಮನೆಯಲ್ಲಿ ಹೋದರಂತೆ, ಎದೆನೋವಂತೆ ಎಂದು ಹಾಕಿದ್ದರು. ಕೆಳಗೆ ಒಬ್ಬರು ‘ಯಾರು ಇವರು?’ ಎಂದು ಕೇಳಿದ್ದರು. ‘ಅದೇ, ರೆಕಾರ್ಡ್ ರೂಮಿನ ಕನ್ನಡ ಮೇಡಂ’ ಎಂದು ಉತ್ತರ ಬಂದಿತ್ತು. ಆಮೇಲೆ ನಾಲ್ಕೈದು ಕೈಮುಗಿದ ಚಿತ್ರಗಳು. ಅಷ್ಟೆ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಅವರು ಯಾರೆಂದು ಇನ್ನೊಬ್ಬರು ನೆನಪಿಸಬೇಕಾಯಿತು.

ಇದು ಗೊತ್ತಾಗಿದ್ದರೆ ಅವರಿಗೇನೂ ಬೇಸರವಾಗುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದೆ ಇದ್ದುಬಿಡಬೇಕೆಂದೇ ಅವರು ಜೀವಮಾನವಿಡೀ ಬಯಸಿದ್ದರು. ಅದು ಪೂರ್ತಿಯಾಗಿ ಕೈಗೂಡಲಿಲ್ಲ. ಒಮ್ಮೆ ಮಾತ್ರ, ಕೆಲವು ದಿನಗಳ ಮಟ್ಟಿಗೆ, ಇಡೀ ಆಸ್ಪತ್ರೆ ಅವರ ಮಾತನ್ನೇ ಆಡಿತು. ಆಗ ಅವರ ಪಕ್ಕದಲ್ಲಿ ಇದ್ದವಳು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಿದ್ದ ಹೆಂಗಸು ಅವರು. ನಾನು ಅಕ್ಕ ಎನ್ನುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ ನಾನು ಆ ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ವಾರ್ಡಿನಿಂದ ವಾರ್ಡಿಗೆ ಹೋಗಿ ರೋಗಿಗಳ ರಕ್ತ ತೆಗೆಯುವುದು ನನ್ನ ಕೆಲಸ. ಅಕ್ಕ ಆಗಲೇ ಅಲ್ಲಿ ಹಳಬರು. ರೋಗಿಗಳ ಫೈಲುಗಳನ್ನು ಜೋಡಿಸಿಡುವ ಕೋಣೆಯಲ್ಲಿ, ಕಬ್ಬಿಣದ ಕಪಾಟುಗಳ ನಡುವೆ ಅವರ ಮೇಜು. ಲಿಂಗಸುಗೂರಿನ ಕಡೆಯವರು. ಮದುವೆ ಆಗಿರಲಿಲ್ಲ. ಮೆಹದಿಪಟ್ಟಣಂನಲ್ಲಿ ಒಂದು ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ತಾಯಿಯ ಜೊತೆ ಇದ್ದರು. ತಾಯಿ ಹೋದ ಮೇಲೆ ಒಬ್ಬರೇ. ಸಣ್ಣ ಆಳು, ಸದಾ ತೊಳೆದು ತೊಳೆದು ಬಣ್ಣ ಇಳಿದ ನೂಲಿನ ಸೀರೆ. ಮಾತಾಡುವಾಗ ಸೆರಗಿನ ತುದಿ ಬಾಯಿಯ ಹತ್ತಿರ ಬಂದುಬಿಡುತ್ತಿತ್ತು. ಅದರಿಂದಾಗಿ, ಮೊದಲೇ ಕೇಳಿಸದ ದನಿ ಇನ್ನಷ್ಟು ಅಡಗುತ್ತಿತ್ತು.

ಕ್ಯಾಂಟೀನಿನವನು ಒಂದು ದಿನ ಅವರಿಗೆ ಚಹಾದ ಬದಲು ಕಾಫಿ ಕೊಟ್ಟನಂತೆ. ಇದು ಚಹಾ ಅಲ್ಲ ಎಂದು ಹೇಳಲು ಅವರಿಂದ ಆಗಲಿಲ್ಲ. ಕನ್ನಡ ಮೇಡಂಗೆ ಕಾಫಿ ಎಂದು ಅವನು ಮನಸ್ಸಿನಲ್ಲಿ ಗುರುತಿಟ್ಟುಕೊಂಡ. ಅವನು ಕೆಲಸ ಬಿಟ್ಟು ಹೋಗುವವರೆಗೂ, ಒಂದು ವರ್ಷಕ್ಕೂ ಮೇಲೆ, ಅಕ್ಕ ದಿನಕ್ಕೆರಡು ಸಲ ಕಾಫಿ ಕುಡಿದರು. ಕಾಫಿ ಅವರಿಗೆ ಸೇರುತ್ತಲೇ ಇರಲಿಲ್ಲ. ಬಸ್ಸಿನಲ್ಲೂ ಇದೇ ಕಥೆ. ಅವರ ನಿಲ್ದಾಣದಲ್ಲಿ ಬೇರೆ ಯಾರೂ ಇಳಿಯುವವರಿಲ್ಲದಿದ್ದರೆ ‘ಆಪಂಡಿ’, ನಿಲ್ಲಿಸಿ, ಎಂದು ತೆಲುಗಿನಲ್ಲಿ ಕೂಗಬೇಕಲ್ಲ. ಅದರ ಬದಲು ಮುಂದಿನ ನಿಲ್ದಾಣದವರೆಗೆ ಹೋಗಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುತ್ತಿದ್ದರು.

“ಒಂದು ಮಾತು ಅಲ್ವಾ ಅಕ್ಕ, ಏನಾಗತ್ತೆ?” ಎಂದು ನಾನು ಒಮ್ಮೆ ಕೇಳಿದೆ.

“ಏನೂ ಆಗಂಗಿಲ್ರೀ, ನನಗೂ ಗೊತ್ತೈತಿ,” ಎಂದರು. “ಗೊತ್ತಿದ್ರ ಏನ್ ಬಂತು? ಎಲ್ಲಾರೂ ಒಮ್ಮೆ ಹೊಳ್ಳಿ ನೋಡತಾರಲ್ರೀ, ಅಷ್ಟಕ್ಕ ನನ್ನ ಎದಿ ಹೊಡಕೊಳ್ಳಾಕ ಹತ್ತತೈತಿ.”

ಮದುವೆ ಯಾಕಾಗಲಿಲ್ಲ ಎಂಬುದನ್ನು ಅವರೇ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಹೇಳಿದರು. ಹೆಣ್ಣು ನೋಡಲು ಬಂದವರು ಹೆಸರು ಕೇಳಿದರಂತೆ. ಇವರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಇನ್ನೊಮ್ಮೆ ಕೇಳಿದರು. ಆಗಲೂ ಇಲ್ಲ. “ಮೂಗಿ ಅಂತ ತಿಳಕೊಂಡು ಎದ್ದು ಹೋದ್ರು ನೋಡ್ರಿ. ನಮ್ಮಪ್ಪ ಹಿಂದಿಂದ ಓಡಿ ಹೋಗಿ, ಮಾತು ಬರತಾವ, ಖರೇನ ಬರತಾವ ಅಂತ ಅಗಸ್ಯಾಗ ನಿಂತು ಹೇಳಾಕತ್ತಿದ್ದ.” ಹೇಳುತ್ತಾ ನಕ್ಕರು. ನನಗೆ ನಗು ಬರಲಿಲ್ಲ. ಊರ ಬಾಗಿಲಲ್ಲಿ ನಿಂತು ಮಗಳಿಗೆ ಮಾತು ಬರುತ್ತದೆಂದು ಅಂಗಲಾಚುವ ಅಪ್ಪ, ಮನೆಯೊಳಗೆ ತಲೆ ತಗ್ಗಿಸಿ ಕುಳಿತ ಮಗಳು. ಎರಡನೆಯ ಸಂಬಂಧವೂ ಹೀಗೇ ತಪ್ಪಿದ ಮೇಲೆ ಮನೆಯವರು ಸುಮ್ಮನಾದರಂತೆ.

ಇಂಥವರು ಆಸ್ಪತ್ರೆಯ ದುಭಾಷಿಯಾದದ್ದು ನನ್ನಿಂದಲೇ. ನಮ್ಮಲ್ಲಿಗೆ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಎಷ್ಟೋ ಜನ ಬರುತ್ತಿದ್ದರು. ಅವರಲ್ಲಿ ತೆಲುಗು ಹಿಂದಿ ಬರುವ ಒಬ್ಬರಾದರೂ ಸಾಮಾನ್ಯವಾಗಿ ಜೊತೆಗಿರುತ್ತಿದ್ದರು. ಒಂದು ದಿನ ಒಬ್ಬ ಮುದುಕ ಒಂಟಿಯಾಗಿ ಬಂದಿದ್ದ. ಅವನ ಮಾತು ಯಾರಿಗೂ ತಿಳಿಯದೆ, ಕನ್ನಡದವಳು ಇದ್ದಾಳಲ್ಲ ಎಂದು ನನ್ನನ್ನು ಕರೆದರು. ಅವನು ಹೊಟ್ಟೆ ಹಿಡಿದುಕೊಂಡು, “ಚಳಕ್ ಹೊಡೀತೈತ್ರೀ, ಚಳಕ್” ಎನ್ನುತ್ತಿದ್ದ. ನಾನು ಹಾಸನದವಳು. ಚಳಿ ಎಂದುಕೊಂಡೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಜ್ವರ ನೋಡಿದರು, ಇರಲಿಲ್ಲ. ಮುದುಕನಿಗೆ ಸಿಟ್ಟು ಬಂದು ನನ್ನನ್ನು ಬೈದ. ಅದೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆಗ ಫೈಲು ಕೊಡಲು ಬಂದಿದ್ದ ಅಕ್ಕ ಬಾಗಿಲ ಸಂದಿಯಿಂದ, ಗೋಡೆಯ ಕಡೆ ಮುಖ ಮಾಡಿ, “ಚುಚ್ಚಿ ಹಿಂಡೋ ನೋವು, ಬಂದು ಬಂದು ಹೋಗತೈತಿ ಅನ್ನಾಕತ್ತಾರ” ಎಂದರು. ಆ ಹೊತ್ತಿನಿಂದ ಅವರಿಗೆ ನೆಮ್ಮದಿ ಇಲ್ಲದಂತಾಯಿತು. ದಿನಕ್ಕೆ ಎರಡು ಮೂರು ಸಲ ವಾರ್ಡಿನಿಂದ ಕರೆ.

ಕರೆ ಬಂದಾಗಲೆಲ್ಲ ಅವರು ಮೊದಲು ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಿದ್ದರು. ಡಾಕ್ಟರ ಕುರ್ಚಿಯ ಹಿಂದೆ ನಿಲ್ಲುವುದು. ಡಾಕ್ಟರು ಹೇಳುತ್ತಿದ್ದರೆ ಇವರ ತುಟಿ ಸದ್ದಿಲ್ಲದೆ ಆಡುತ್ತಿತ್ತು, ಮಾತನ್ನು ಒಳಗೇ ಕನ್ನಡ ಮಾಡಿಕೊಳ್ಳುತ್ತಿದ್ದರು. ಅರ್ಥವಾಗದಿದ್ದರೆ ಎಷ್ಟು ಹೆದರಿಕೆಯಾದರೂ “ಸಾರ್, ಮಳ್ಳೀ ಚೆಪ್ಪಂಡಿ” ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ನಾವು ಯಾರಾದರೂ ಆಗಿದ್ದರೆ ಹತ್ತು ಮಾತನ್ನು ಎರಡಕ್ಕೆ ಇಳಿಸುತ್ತಿದ್ದೆವು. ಅವರು ಹತ್ತಕ್ಕೆ ಹತ್ತೂ ಹೇಳುತ್ತಿದ್ದರು. ತಮ್ಮದೆಂದು ಒಂದು ಮಾತು ಸೇರಿಸುತ್ತಿರಲಿಲ್ಲ. ಸಮಾಧಾನಕ್ಕೂ ಇಲ್ಲ.

ಒಬ್ಬ ಹೆಂಗಸಿಗೆ ಅವಳ ಗಂಡ ಉಳಿಯುವ ಆಸೆ ಇಲ್ಲವೆಂದು ಹೇಳಿ ಬಂದ ದಿನ ನಾನು, “ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲ ಅಕ್ಕ” ಎಂದೆ. “ಅವರವರ ಮಾತು ತಂದು ನನ್ನ ಬಾಯಾಗ ಇಟ್ಟಿರತಾರ್ರೀ,” ಎಂದರು. “ಮುಟ್ಟಿಸೋದಷ್ಟ ನನ್ನ ಕೆಲಸ. ನಡುವ ನಾ ನುಂಗಿದರ ಅದು ಕಳವು ಮಾಡಿಧಂಗ.”

ಇಷ್ಟಾದರೂ ತಾನು ಸರಿಯಾಗಿ ಮಾಡುತ್ತಿದ್ದೇನೆಂಬ ನಂಬಿಕೆ ಅವರಿಗೆ ಬರಲೇ ಇಲ್ಲ. ಸಂಜೆ ಬಸ್ಸಿಗೆ ಕಾಯುವಾಗ, ಆ ಮಾತಿಗೆ ಹೀಗೆ ಹೇಳಿದೆ, ಹಾಗೆ ಹೇಳಬೇಕಿತ್ತೇನೋ ಎಂದು ಕೇಳುತ್ತಿದ್ದರು. ಮನೆಗೆ ಹೋಗಿಯೂ ಅದನ್ನೇ ಯೋಚಿಸಿ ಮರುದಿನ ಬೆಳಿಗ್ಗೆ ರೋಗಿಯ ಹತ್ತಿರ ಹೋಗಿ, ನಿನ್ನೆ ಒಂದು ಶಬ್ದ ತಪ್ಪಿತ್ತು ಎಂದು ತಿದ್ದಿ ಬಂದದ್ದೂ ಉಂಟು.

ಈಗ ಆ ದಿನದ ವಿಷಯ.

ಯಾದಗಿರಿ ಕಡೆಯ ಒಂದು ಹುಡುಗಿ. ಹುಡುಗಿ ಎನ್ನಬೇಕು, ಮದುವೆಯಾಗಿ ಮೂರು ವರ್ಷವಾಗಿದ್ದರೂ ಮುಖದಲ್ಲಿ ಇನ್ನೂ ಮಗುತನ. ತಿಂಗಳುಗಟ್ಟಲೆ ನಿಲ್ಲದ ರಕ್ತಸ್ರಾವದಿಂದ ಬಿಳಿಚಿಕೊಂಡಿದ್ದಳು. ಮಕ್ಕಳಿರಲಿಲ್ಲ. ಜೊತೆಗೆ ಅತ್ತೆ ಇದ್ದಳು. ಗಂಡ ಕೆಳಗೆ ಔಷಧಿಗೆಂದು ಹೋಗಿದ್ದ. ಆಪರೇಷನ್ನಿಗೆ ಮೊದಲು ರಕ್ತದ ಗುಂಪು ನೋಡಬೇಕೆಂದು ನಾನು ಸೂಜಿ ಹಿಡಿದು ಅವಳ ಹಾಸಿಗೆಯ ಪಕ್ಕ ನಿಂತಿದ್ದೆ. ದೊಡ್ಡ ಡಾಕ್ಟರು ಬಂದರು. ಹಿಂದೆ ಅಕ್ಕ, ಕೈಯಲ್ಲಿ ಒಪ್ಪಿಗೆ ಪತ್ರ.

ಡಾಕ್ಟರು ಅಕ್ಕನಿಗೆ ತೆಲುಗಿನಲ್ಲಿ ಹೇಳಿದ್ದಿಷ್ಟು: ಗರ್ಭಕೋಶದಲ್ಲಿ ಗಂಟಿದೆ, ಗರ್ಭಕೋಶವನ್ನೇ ತೆಗೆದುಬಿಡುತ್ತೇವೆ, ಗಂಡ ಮತ್ತು ಅತ್ತೆಯ ಹತ್ತಿರ ಮಾತಾಡಿಯಾಗಿದೆ, ಅವರು ಒಪ್ಪಿದ್ದಾರೆ. ಇವಳ ಹೆಬ್ಬೆಟ್ಟು ಹಾಕಿಸಿಕೊಳ್ಳಿ.

ಅಕ್ಕ ಕೇಳಿಸದ ದನಿಯಲ್ಲಿ, “ಮೊತ್ತಂ ತೀಸೇಸ್ತಾರಾ ಸಾರ್?” ಎಂದರು. ಪೂರ್ತಿ ತೆಗೆಯುವುದು ಹೌದೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಡಾಕ್ಟರು ಕೈಗಡಿಯಾರ ನೋಡಿಕೊಂಡರು. “ಅವನ್ನೀ ಆಮೆಕು ಚೆಪ್ಪಕಂಡಿ ಅಮ್ಮಾ. ಏಡುಸ್ತುಂದಿ. ಚಿನ್ನ ಆಪರೇಷನ್ ಅನಿ ಚೆಪ್ಪಂಡಿ, ಚಾಲು.” ಅದನ್ನೆಲ್ಲ ಅವಳಿಗೆ ಹೇಳಬೇಡಿ, ಅಳುತ್ತಾಳೆ, ಸಣ್ಣ ಆಪರೇಷನ್ ಎನ್ನಿ, ಸಾಕು. ಹೀಗೆಂದು ಮುಂದಿನ ವಾರ್ಡಿಗೆ ನಡೆದರು. ಅವರ ದನಿಯಲ್ಲಿ ಕ್ರೂರತನವೇನೂ ಇರಲಿಲ್ಲ. ಅವಸರ ಇತ್ತು.

ಅಕ್ಕ ಪತ್ರವನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಹೋದರು. ಐದು ನಿಮಿಷವಾಯಿತು, ಬರಲಿಲ್ಲ. ಓಡಿಹೋದರು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ನರ್ಸ್ ಯಾರಾದರೂ ಬಂದು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ, ನಾನು ರಕ್ತ ತೆಗೆದುಕೊಂಡು ಹೋದರಾಯಿತು. ಆದರೆ ಅಕ್ಕ ಬಂದರು. ಮುಖ ಒದ್ದೆಯಾಗಿತ್ತು, ಸೆರಗೂ ಒದ್ದೆ. ಪತ್ರ ಎತ್ತಿಕೊಂಡರು. ಯಾವಾಗಲೂ ನಿಂತೇ ಮಾತಾಡುತ್ತಿದ್ದವರು ಆ ದಿನ ಹಾಸಿಗೆಯ ಅಂಚಿನಲ್ಲಿ ಕುಳಿತರು.

“ತಂಗೀ,” ಎಂದರು. “ಈ ಕಾಗದದಾಗ ಏನ್ ಬರದೈತಿ ಅದನ್ನ ನಾ ನಿನಗ ಪೂರಾ ಹೇಳತೀನಿ. ನಡುವ ನನ್ನ ದನಿ ನಿಂತರ ಜರಾ ತಡೀ. ಮತ್ತ ಬರತೈತಿ.”

ದನಿ ಎರಡು ಸಲ ನಿಂತಿತು. ಎರಡು ಸಲವೂ ಆ ಹುಡುಗಿ ಕಾದಳು. ಗಂಟಿನ ವಿಷಯ ಹೇಳಿದರು. ಮಕ್ಕಳ ಚೀಲವನ್ನೇ ತೆಗೆಯುತ್ತಾರೆಂದು ಹೇಳಿದರು.

“ಅಂದ್ರ ಮುಂದ ನನಗ ಕೂಸು?” ಎಂದು ಕೇಳಿದಳು ಅವಳು.

“ಆಗಂಗಿಲ್ಲವ್ವಾ.”

ಅತ್ತೆ ಕಿಟಕಿಯ ಹತ್ತಿರದಿಂದ ಎದ್ದು ಬಂದಳು. “ಏ ಬಾಯೀ! ನಿನ್ನ ಯಾರ ಕೇಳಿದ್ರು ಅದನ್ನೆಲ್ಲಾ? ಡಾಕ್ಟರ್ ನಮಗ ಹೇಳ್ಯಾರ, ನಾವು ಹೂಂ ಅಂದೀವಿ. ನೀ ಬಟ್ಟು ಒತ್ತಿಸಿಕೊಂಡು ನಡೀ ಸುಮ್ನ.”

ಅಕ್ಕ ಅವಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮಾತು ನಿಂತೇ ಹೋಗುತ್ತಿತ್ತೇನೋ. ಹುಡುಗಿಯನ್ನೇ ನೋಡುತ್ತಾ ಕುಳಿತಿದ್ದರು.

“ಬ್ಯಾರೆ ದಾರಿ ಇಲ್ಲೇನ್ರೀ ಅಕ್ಕಾರ?” ಎಂದಳು ಹುಡುಗಿ.

“ಅದು ನನಗ ತಿಳೀದವ್ವಾ. ನಾ ಡಾಕ್ಟರ್ ಅಲ್ಲ. ತಗಸು ಅಂತನೂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ಡಾಕ್ಟರ್ನ ಕೇಳು. ನೀ ಕೇಳಿದ್ದನ್ನ ಕೇಳಿದಂಗ ಅವರಿಗೆ ನಾ ಹೇಳತೀನಿ.”

ಇಷ್ಟೇ ನಡೆದದ್ದು. ಈ ಕೊನೆಯ ಮಾತನ್ನು ಒಂದಕ್ಷರ ಬಿಡದೆ ನಾನು ಕೇಳಿಸಿಕೊಂಡಿದ್ದೇನೆ. ಅರ್ಥವೂ ಆಗಿತ್ತು. ಹುಡುಗಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. “ನಾ ಒಲ್ಲೆ” ಎಂದಳು. ಆಮೇಲೆ ಗಂಡ ಬಂದ, ಕೂಗಾಟವಾಯಿತು, ಸಂಜೆಯ ಹೊತ್ತಿಗೆ ಅವಳನ್ನು ಬಿಡಿಸಿಕೊಂಡು ಹೋದರು. ಲಿಫ್ಟಿನ ಹತ್ತಿರ ಅವಳು ಅಕ್ಕನಿಗಾಗಿ ಸುತ್ತ ನೋಡಿದಳು. ಅಕ್ಕ ಆಗ ತಮ್ಮ ಕೋಣೆಯಲ್ಲಿ, ಕಪಾಟುಗಳ ಹಿಂದೆ ನೆಲದ ಮೇಲೆ ಕುಳಿತಿದ್ದರು.

ಆ ಆಪರೇಷನ್ ಬೇಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕೇ ಆಗಿದ್ದಿರಬಹುದು. ಅಕ್ಕ ಮಾಡಿದ್ದು ಅದರ ತೀರ್ಮಾನವಲ್ಲ. ಆದರೆ ದೂರು ಹೋದದ್ದು ಹೀಗೆ: ಫೈಲು ಜೋಡಿಸುವವಳು ರೋಗಿಗೆ ಆಪರೇಷನ್ ಬೇಡವೆಂದು ತಲೆ ಕೆಡಿಸಿದಳು.

ಎರಡು ದಿನ ಬಿಟ್ಟು ಆಡಳಿತಾಧಿಕಾರಿಯ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಮೇಜಿನಾಚೆ ಮೂವರು. ಅಕ್ಕ ಗೋಡೆಗೆ ಅಂಟಿ ನಿಂತಿದ್ದರು. ಮೊದಲು ನನ್ನನ್ನೇ ಕೇಳಿದರು. “ನೀವು ಅಲ್ಲೇ ಇದ್ದಿರಿ. ನೀವೂ ಕನ್ನಡದವರು. ಆಪರೇಷನ್ ಬೇಡ ಅಂತ ಇವರು ಹೇಳಿದರೋ ಇಲ್ಲವೋ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ನಾನು ಅಂಜುಬುರುಕಿಯಲ್ಲ, ಆ ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕ್ಯಾಂಟೀನಿನಲ್ಲಿ ಜಗಳವಾಡಿದವಳು, ಡ್ಯೂಟಿ ಪಟ್ಟಿಯ ವಿಷಯಕ್ಕೆ ಮೇಲಿನವರ ಜೊತೆ ವಾದ ಮಾಡಿದವಳು. ಆ ಕೋಣೆಯಲ್ಲಿ ನನ್ನ ಬಾಯಿಂದ ಬಂದದ್ದು ಇದು: “ನಾನು ಸೂಜಿ ಕಡೆ ನೋಡುತ್ತಿದ್ದೆ ಸರ್. ಅವರ ಕಡೆಯ ಕನ್ನಡ ನನಗೆ ಸರಿಯಾಗಿ ತಿಳಿಯುವುದೂ ಇಲ್ಲ.”

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಆಮೇಲೆ ಅವರನ್ನು ಕೇಳಿದರು. ಸೆರಗು ಬಾಯಿಯ ಹತ್ತಿರ ಹೋಯಿತು. ಅವರೇ ಅದನ್ನು ಕೆಳಗೆ ಎಳೆದುಕೊಂಡರು. “ಕಾಗಿತಂಲೋ ಉನ್ನದೇ ಚೆಪ್ಪಾನು ಸಾರ್,” ಎಂದರು. ಕಾಗದದಲ್ಲಿ ಇದ್ದದ್ದನ್ನೇ ಹೇಳಿದೆ. ಮೂವರಲ್ಲಿ ಒಬ್ಬರು ಏನೋ ಗದರಿದರು. ಇನ್ನೊಮ್ಮೆ ಅದನ್ನೇ ಹೇಳಿದರು, ಅದೇ ಕೇಳಿಸದ ದನಿಯಲ್ಲಿ. ಮೂರನೆಯ ಸಲವೂ ಅದೇ ವಾಕ್ಯ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಮಾತು ಮಾತ್ರ ಬದಲಾಗಲಿಲ್ಲ. ಧೈರ್ಯ ಎಂದರೆ ಎದೆ ಸೆಟೆಸಿ ಗಟ್ಟಿಯಾಗಿ ಮಾತಾಡುವುದು ಎಂದು ನಾನು ತಿಳಿದುಕೊಂಡಿದ್ದೆ. ಅದು ಹೀಗೂ ಇರುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಪ್ಪಾಯಿತೆಂದು ಬರೆದುಕೊಡಿ, ಇಲ್ಲಿಗೆ ಬಿಟ್ಟುಬಿಡುತ್ತೇವೆ ಎಂದು ಒಂದು ಬಿಳಿ ಹಾಳೆ ಕೊಟ್ಟು ಹೊರಗೆ ಕೂರಿಸಿದರು. ಒಂದು ಗಂಟೆ ಪೆನ್ನು ಹಿಡಿದು ಕುಳಿತರು. ಹಾಳೆಯನ್ನು ಹಾಗೇ ಹಿಂದಕ್ಕೆ ತಂದುಕೊಟ್ಟು, “ತಪ್ಪು ಏನಂತ ಬರೀಬೇಕು ಸಾರ್?” ಎಂದು ಕೇಳಿದರು. ಅದನ್ನು ಆ ಮೂವರು ಹಟ ಎಂದುಕೊಂಡರು. ಅದು ಹಟವಲ್ಲ. ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೆ ಬರೆದುಕೊಡುತ್ತಿದ್ದರೇನೋ.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ನೆಲಮಾಳಿಗೆಗೆ ಕಳಿಸಿದರು. ಹಳೆಯ ಫೈಲುಗಳ ಗೋದಾಮು, ಪಕ್ಕದಲ್ಲೇ ಜನರೇಟರು. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು. ವಾರ್ಡಿಗೆ ಕಾಲಿಡಬಾರದು, ರೋಗಿಗಳ ಜೊತೆ ಮಾತಾಡಬಾರದು ಎಂದು ಬರೆದ ಆದೇಶ. ಇನ್ನು ಮೇಲೆ ಕನ್ನಡದ ರೋಗಿ ಬಂದರೆ ನನ್ನನ್ನೇ ಕರೆಯಬೇಕೆಂದೂ ಆಯಿತು. ನಾನು ಕಾಯಂ ಆದೆ.

ಅವರು ನನ್ನೊಡನೆ ಮಾತು ಬಿಡಲಿಲ್ಲ. ಮಧ್ಯಾಹ್ನ ನಾನು ಡಬ್ಬಿ ಹಿಡಿದು ಕೆಳಗೆ ಹೋದರೆ ಜಾಗ ಮಾಡಿ ಕೊಡುತ್ತಿದ್ದರು. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅರ್ಥವಾಗದ ಶಬ್ದ ಬಂದರೆ ನಾನು ಅವರನ್ನೇ ಕೇಳುತ್ತಿದ್ದೆ, ಅವರು ಹೇಳಿಕೊಡುತ್ತಿದ್ದರು.

ಸ್ವಲ್ಪ ಕಾಲದಲ್ಲಿ ಒಂದು ವಿಚಿತ್ರ ಶುರುವಾಯಿತು. ಹಿಂಬದಿಯ ಮೆಟ್ಟಿಲಿಳಿದು ಒಬ್ಬೊಬ್ಬರೇ ಕೆಳಗೆ ಬರತೊಡಗಿದರು. ಅಕ್ಕನ ಕಡೆಯ ಜನ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ರಿಪೋರ್ಟುಗಳು. ಯಾರು ಹೇಳಿದರೋ, ಎಲ್ಲಿ ಕೇಳಿದರೋ. “ತಳಮನ್ಯಾಗ ಒಬ್ರು ಅಕ್ಕಾರ ಅದಾರಂತ, ಇದ್ದದ್ದ ಇದ್ಧಂಗ ಹೇಳತಾರಂತ, ಅವರು ನೀವ ಏನ್ರೀ?” ಎಂದು ಕೇಳುತ್ತಿದ್ದರು. ಅಕ್ಕ ಮೊದಲು ಇಲ್ಲ ಇಲ್ಲ ಎಂದು ಕೈಯಾಡಿಸುತ್ತಿದ್ದರು. ಆದೇಶದ ಭಯ, ಮೂಲೆಯ ಕ್ಯಾಮೆರಾದ ಭಯ. ಒಮ್ಮೆ ಕಪಾಟಿನ ಹಿಂದೆ ಬಚ್ಚಿಟ್ಟುಕೊಂಡದ್ದನ್ನೂ ನಾನು ನೋಡಿದ್ದೇನೆ. ಬಂದವರು ಹೋಗದೆ ಮೆಟ್ಟಿಲ ಮೇಲೆ ಕುಳಿತರೆ, ಕೊನೆಗೆ ಮುಖ ತೊಳೆದುಕೊಂಡು ಬಂದು ಕೈ ಚಾಚುತ್ತಿದ್ದರು. “ಕೊಡ್ರಿ. ಓದಿ ಹೇಳತೀನಿ. ಔಷಧ ಗಿಷಧ ನನ್ನ ಕೇಳಬ್ಯಾಡ್ರಿ.” ನಾಳೆಯಿಂದ ಇಲ್ಲ, ಇದೇ ಕೊನೆ ಎಂದು ಪ್ರತಿಸಲವೂ ನನಗೆ ಹೇಳುತ್ತಿದ್ದರು. ನಾಲ್ಕು ವರ್ಷ ಹಾಗೇ ಹೇಳಿದರು.

ಆ ಮೆಟ್ಟಿಲಿಳಿದು ಬಂದವರಲ್ಲಿ ಒಂದು ದಿನ ಅಗಲ ಕುಂಕುಮದ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬಳು ಇದ್ದಳು. ನಾನು ಅಲ್ಲೇ ಊಟಕ್ಕೆ ಕುಳಿತಿದ್ದೆ. ಅವಳು ಅಕ್ಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತಾನು ಆ ಹುಡುಗಿಯ ತಾಯಿ ಎಂದಳು. ಅಕ್ಕನ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

“ಆರಾಮ ಅದಾಳೇನ್ರೀ?”

“ಅದಾಳ. ಸರಕಾರಿ ದವಾಖಾನ್ಯಾಗ ಗುಳಿಗಿ ಕೊಟ್ರು. ರಕ್ತ ಹೋಗೋದು ಕಮ್ಮಿ ಆಗೈತಿ,” ಎಂದಳು ಆಕೆ. “ನನ್ನ ಮನ್ಯಾಗ ಅದಾಳ. ಹೇಳಿದ ಮಾತು ಕೇಳಲಿಲ್ಲ ಅಂತ ಗಂಡನ ಮನ್ಯಾವರು ತಂದು ಬಿಟ್ಟು ಹೋದ್ರು. ಅವ ಬ್ಯಾರೆ ಲಗ್ನ ಮಾಡಿಕೊಂಡ. ನೀ ಅವತ್ತ ಬಾಯಿ ಮುಚಿಗೊಂಡಿದ್ರ ನನ್ನ ಮಗಳು ಗಂಡನ ಮನ್ಯಾಗ ಇರತಿದ್ಲು. ಚೀಲ ಹೋದ್ರ ಹೋಗತಿತ್ತು. ಯಾರದರೇ ಒಂದು ಕೂಸು ತಂದು ಸಾಕತಿದ್ರು. ಏನ್ ಸಿಕ್ಕಿತು ನಿನಗ?”

ಅಕ್ಕ ಎದ್ದು ನಿಂತು, ಎರಡೂ ಕೈ ಜೋಡಿಸಿಕೊಂಡು ಕೇಳುತ್ತಿದ್ದರು. ಆಕೆ ಇನ್ನೂ ಬಹಳ ಮಾತಾಡಿದಳು. ಎದ್ದು ಅವಳನ್ನು ಹೊರಗೆ ಕಳಿಸಬೇಕೆಂದು ನನಗನ್ನಿಸಿತು. ಅಕ್ಕ ಕಣ್ಣಿನಲ್ಲೇ ಬೇಡವೆಂದರು. ಆಕೆ ಬೈದು ದಣಿದಳು. ಆಮೇಲೆ ಕಂಕುಳಿನಲ್ಲಿದ್ದ ಚೀಲದಿಂದ ಒಂದು ಫೈಲು ತೆಗೆದು ಮುಂದೆ ಹಿಡಿದಳು.

“ಇದು ನನ್ನದು,” ಎಂದಳು. ದನಿ ಬೇರೆಯಾಗಿತ್ತು. “ಎದ್ಯಾಗ ಗಂಟ ಆಗೈತಿ. ಮಗ ಏನೂ ಇಲ್ಲ ಏನೂ ಇಲ್ಲ ಅಂತಾನ. ಇದರಾಗ ಏನ್ ಬರದಾರ ಹೇಳು. ಮುಚ್ಚಬ್ಯಾಡ.”

ಅಕ್ಕ ಫೈಲು ತೆಗೆದುಕೊಂಡರು. ಓದಿದರು. ಅದರಲ್ಲಿ ಒಳ್ಳೆಯದು ಏನೂ ಬರೆದಿರಲಿಲ್ಲ. ಆಕೆಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ಸಾಲನ್ನು ಹೇಳಿದರು. ಜನರೇಟರ್ ಶುರುವಾದಾಗ ಕಾದು, ಅದು ನಿಂತ ಮೇಲೆ ಮುಂದುವರಿಸಿದರು. ಆಕೆ ಅಳಲಿಲ್ಲ. ಕೊನೆಗೆ ಎದ್ದು, ಸೆರಗು ಸರಿಮಾಡಿಕೊಂಡು, ಹೋಗುವಾಗ ಅಕ್ಕನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದಳು. ಅದು ಆಶೀರ್ವಾದವೋ, ಮೆಟ್ಟಿಲು ಹತ್ತಲು ಆಸರೆಯೋ ಹೇಳಲಾರೆ.

ಆಕೆ ಹೋದ ಮೇಲೆ ಅಕ್ಕ, “ನಾ ಮಾಡಿದ್ದು ತಪ್ಪೇನ್ರೀ?” ಎಂದು ಕೇಳಿದರು. ನಾನು ಇಲ್ಲ ಅಕ್ಕ, ಖಂಡಿತ ಇಲ್ಲ ಎಂದೆ. ಹೇಳಬೇಕಾದ ಕಡೆ ಹೇಳದೆ, ಯಾರೂ ಇಲ್ಲದ ನೆಲಮಾಳಿಗೆಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದ ಆ ಮಾತಿಗೆ ಏನು ಬೆಲೆ? ಅವರು ತಲೆಯಾಡಿಸಿದರು, ನಂಬಲಿಲ್ಲ. ಆಮೇಲೂ ಎಷ್ಟೋ ಸಲ ಈ ಪ್ರಶ್ನೆ ಕೇಳಿದರು. ಒಂದೊಂದು ದಿನ ತಪ್ಪು ಎಂದೇ ತೀರ್ಮಾನಿಸಿ ಕುಳಿತಿರುತ್ತಿದ್ದರು. ಅಂಥ ದಿನ ಯಾರಾದರೂ ಚೀಲ ಹಿಡಿದು ಮೆಟ್ಟಿಲಿಳಿದು ಬಂದರೂ ಎದ್ದು ಹೋಗಿ ಮುಖ ತೊಳೆದು ಬರುತ್ತಿದ್ದರು. ತಾನು ಮಾಡುತ್ತಿರುವುದು ಸರಿ ಎಂಬ ಭರವಸೆಯಿದ್ದು ಮಾಡುವವರನ್ನು ನಾನು ನೋಡಿದ್ದೇನೆ. ಭರವಸೆಯೇ ಇಲ್ಲದೆ, ಪ್ರತಿಸಲ ತನ್ನನ್ನೇ ಅನುಮಾನಿಸುತ್ತಾ, ಆದರೂ ಬಿಡದೆ ಮಾಡಿದವರು ಅವರೊಬ್ಬರೇ.

ಆಸ್ಪತ್ರೆ ಬೇರೆಯವರ ಕೈಗೆ ಹೋಯಿತು. ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿ ಗೋದಾಮು ಖಾಲಿ ಮಾಡಿದರು. ಅಕ್ಕನ ಕೆಲಸವೂ ಅದರ ಜೊತೆಗೆ ಮುಗಿಯಿತು. ಬೀಳ್ಕೊಡುಗೆ ಎಂದು ಏನೂ ಆಗಲಿಲ್ಲ. ಮಾಡಿದ್ದರೆ ಅವರು ಬರುತ್ತಿರಲಿಲ್ಲ. ಊರಿಗೆ, ತಮ್ಮನ ಮನೆಗೆ ಹೊರಟುನಿಂತರು.

ನಾಂಪಲ್ಲಿ ಸ್ಟೇಷನ್ನಿಗೆ ನಾನು ಕಳಿಸಲು ಹೋದೆ. ಸ್ಟೇಷನ್ ಹೊರಗೆ ಹತ್ತಿರದ ಮೈದಾನದ ಎಕ್ಸಿಬಿಷನ್ನಿಗೆ ಬಂದ ಜನರ ನೂಕುನುಗ್ಗಲು, ಒಳಗೆ ಅಷ್ಟಿರಲಿಲ್ಲ. ಎರಡು ಚೀಲ, ಒಂದು ಟ್ರಂಕು. ಅವರ ಸೀಟಿನಲ್ಲಿಟ್ಟು ಇಳಿದು, ಕಿಟಕಿಯ ಹತ್ತಿರ ನಿಂತೆ. ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

“ಅಕ್ಕ, ಅವತ್ತು ಆ ಕೋಣೆಯಲ್ಲಿ...” ಎಂದೆ. ಮುಂದೆ ಬರಲಿಲ್ಲ. “ನಾನು ಮಾತಾಡಬೇಕಿತ್ತು. ನನಗೆ ಎಲ್ಲ ಅರ್ಥವಾಗಿತ್ತು.”

“ಗೊತ್ತೈತ್ರೀ,” ಎಂದರು.

ಆಮೇಲೆ, ರೋಗಿಗಳಿಗೆ ಹೇಳುವಾಗ ಇರುತ್ತಿದ್ದ ಆ ದನಿಯಲ್ಲಿ, ನಿಧಾನವಾಗಿ ಹೇಳಿದರು: “ನೀವು ಅದನ್ನ ಮನಸಿಗೆ ಹಚ್ಚಿಕೋಬ್ಯಾಡ್ರಿ. ಅಂಜಿಕಿ ಅನ್ನೋದು ನನಗ ಸಣ್ಣಾಕಿ ಇದ್ದಾಗಿಂದ ಜೋಡಿ ಐತಿ. ಕ್ಯಾಂಟೀನಿಗೆ ಹೋದ್ರೂ ಅದು, ಬಸ್ಸಿನ್ಯಾಗ ಕುಂತ್ರೂ ಅದು. ಅದನ್ನ ಸಂಗಾಟ ಕರಕೊಂಡ ಕೆಲಸ ಮಾಡೋದು ನನಗ ರೂಢಿ ಆಗಿತ್ತು. ನಿಮಗ ಅವತ್ತ ಒಮ್ಮಿಗೇ ಬಂತಲ್ರೀ. ಹೊಸಾದು. ಏನ್ ಮಾಡಬೇಕಂತ ನಿಮಗ ತಿಳೀಲಿಲ್ಲ.”

ನನ್ನನ್ನು ಸಮಾಧಾನ ಮಾಡಲೆಂದೇ ಅವರು ಅದನ್ನು ಹೇಳಿದರು. ಅವರಿಗೆ ಚುಚ್ಚಿ ಮಾತಾಡಲು ಬರುತ್ತಿರಲಿಲ್ಲ. ರೈಲು ಅಲುಗಿತು. ಅವರು ಕೈ ಬೀಸಲಿಲ್ಲ, ಅಷ್ಟು ಜನರ ಮುಂದೆ ಕೈ ಬೀಸುವುದು ಅವರಿಂದ ಆಗುವ ಮಾತಲ್ಲ. ಸರ ಸರಿಮಾಡಿಕೊಳ್ಳುವವರ ಹಾಗೆ ಕೈಯನ್ನು ಕೊರಳ ತನಕ ತಂದು ಅಲ್ಲೇ ಹಿಡಿದುಕೊಂಡರು. ನಾನು ನಾಲ್ಕು ಹೆಜ್ಜೆ ಪಕ್ಕದಲ್ಲಿ ನಡೆದೆ. ಕ್ಷಮಿಸಿ ಎಂಬ ಒಂದು ಮಾತು ಹೇಳಲೆಂದು ಬಂದವಳು, ಅದನ್ನು ಹೇಳದೆ, ಕೂಕಟ್‌ಪಲ್ಲಿ ಕಡೆಯ ಮೆಟ್ರೊ ಹತ್ತಿ ಮನೆಗೆ ಬಂದೆ.